ನಾಲ್ಕು ಬ್ಯಾಂಡ್‌ಗಳು ಒಟ್ಟಾಗಿ ದೇಶ ಸುತ್ತುವುದಾದರೆ: ದಾರಿ, ಸಾಮಾನು, ಸರದಿ ಮತ್ತು ಲೆಕ್ಕದ ಬಗ್ಗೆ ಸಲಹೆ ಬೇಕು

ಪ್ರಶ್ನೆ
ಸಾಗರದ ಬೇಸ್ ಗಿಟಾರ್

ಎಲ್ಲರಿಗೂ ನಮಸ್ಕಾರ. ಸಾಗರ ಮತ್ತು ಶಿವಮೊಗ್ಗದ ಐದು ಜನ ಸೇರಿ ಕಟ್ಟಿಕೊಂಡಿರುವ ನಮ್ಮ ಬ್ಯಾಂಡ್ ತಾನೇ ಬರೆದು ರಾಗ ಹಾಕಿದ ಕನ್ನಡ ಹಾಡುಗಳನ್ನು ಹಾಡುತ್ತದೆ. ನಮ್ಮ ಬೆನ್ನಿಗೆ ಆಡಿಯೊ ಕಂಪನಿಯಿಲ್ಲ, ಕಾರ್ಯಕ್ರಮ ಗೊತ್ತುಮಾಡಿಕೊಡುವ ಏಜೆಂಟರೂ ಇಲ್ಲ. ಕಾಲೇಜು ಉತ್ಸವ, ಗಣೇಶೋತ್ಸವ, ಬೆಂಗಳೂರಿನ ಒಂದೆರಡು ಸಣ್ಣ ವೇದಿಕೆಗಳು, ಇಷ್ಟರಲ್ಲೇ ಇದುವರೆಗಿನ ನಮ್ಮ ಓಡಾಟ. ಈಗ ಪುಣೆಯ ಒಂದು ಮರಾಠಿ ಬ್ಯಾಂಡ್, ಕೋಝಿಕ್ಕೋಡಿನ ಒಂದು ಮಲಯಾಳ ಬ್ಯಾಂಡ್ ಮತ್ತು ಗುವಾಹಟಿಯ ಒಂದು ಅಸ್ಸಾಮಿ ಬ್ಯಾಂಡ್‌ನವರ ಜೊತೆ ಮಾತುಕತೆ ನಡೆದಿದ್ದು, ಮಳೆಗಾಲ ಪೂರ್ತಿ ಮುಗಿದ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಜನವರಿಯೊಳಗೆ, ನಾಲ್ಕೂ ತಂಡಗಳು ಒಟ್ಟಾಗಿ ದೇಶದ ನಾಲ್ಕು ದಿಕ್ಕಿನಲ್ಲಿ ಕಾರ್ಯಕ್ರಮ ಕೊಡಬೇಕೆಂದು ನಿಶ್ಚಯಿಸಿದ್ದೇವೆ.

2010ರಲ್ಲಿ ಪುಣೆಯಲ್ಲಿ ಶುರುವಾದ ಎನ್‌ಎಚ್7 ವೀಕೆಂಡರ್, 2012ರಲ್ಲಿ ಅರುಣಾಚಲ ಪ್ರದೇಶದ ಝೀರೊ ಕಣಿವೆಯಲ್ಲಿ ಶುರುವಾದ ಸಂಗೀತೋತ್ಸವ ಇಂಥವುಗಳಿಂದ ಹಲವು ಬ್ಯಾಂಡ್‌ಗಳನ್ನು ಒಂದೇ ಜಾಗದಲ್ಲಿ ಕೇಳುವ ರೂಢಿ ನಮ್ಮ ದೇಶದಲ್ಲಿ ಬೆಳೆದಿದೆ. ಆದರೆ ಉತ್ಸವಕ್ಕೆ ಕರೆಸಿಕೊಳ್ಳುವವರು ಬೇರೆಯವರು, ಖರ್ಚು ಅವರದು. ನಾವು ಹೇಳುತ್ತಿರುವುದು ಬ್ಯಾಂಡ್‌ಗಳೇ ಊರನ್ನು ಹುಡುಕಿಕೊಂಡು ಹೋಗುವ ಕೆಲಸ. ಒಂದೇ ವಾಹನದಲ್ಲಿ ಎಲ್ಲರೂ ಶಿವಮೊಗ್ಗದಿಂದ ಗುವಾಹಟಿಯವರೆಗೆ ಹೋಗುವುದು ಸಾಧ್ಯವೇ? ಡ್ರಮ್ಸ್, ಆ್ಯಂಪ್‌ಗಳನ್ನು (ವಾದ್ಯದ ದನಿ ಹೆಚ್ಚಿಸುವ ಪೆಟ್ಟಿಗೆಗಳು) ಹೊತ್ತೊಯ್ಯಬೇಕೇ ಅಥವಾ ಅಲ್ಲಲ್ಲೇ ಬಾಡಿಗೆಗೆ ಪಡೆಯಬೇಕೇ? ಯಾರು ಮೊದಲು ಹಾಡಬೇಕು, ಯಾರು ಕೊನೆಗೆ? ಬಂದ ದುಡ್ಡನ್ನು ಹೇಗೆ ಹಂಚಬೇಕು? ಕೊನೆಯ ಎರಡು ಪ್ರಶ್ನೆಗಳಲ್ಲಿ ಮನಸ್ತಾಪ ಬಂದರೆ ಸ್ನೇಹವೇ ಹೋಗುತ್ತದೆ ಎಂಬ ಆತಂಕ ನನಗಿದೆ. ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1
ಹೆಗ್ಗೋಡಿನ ರಂಗಸಜ್ಜಿಕೆ

ನಿಮ್ಮ ಊರಿನಿಂದ ಕೂಗಳತೆಯ ದೂರದಲ್ಲೇ ಇದಕ್ಕೊಂದು ಮಾದರಿಯಿದೆ. ಹೆಗ್ಗೋಡಿನ ನೀನಾಸಮ್ 1985ರಿಂದ ತನ್ನ ತಿರುಗಾಟ ತಂಡವನ್ನು ಕರ್ನಾಟಕದ ಊರೂರಿಗೆ ಕಳುಹಿಸುತ್ತ ಬಂದಿದೆ. ನಾಟಕ ಆಡುವವರು, ರಂಗಪರಿಕರ, ಬೆಳಕಿನ ಸಾಮಾನು ಎಲ್ಲವೂ ತಂಡದ ಜೊತೆಗೇ ಬರುತ್ತವೆ. ಆಯಾ ಊರಿನ ಸಂಘವೊಂದು ರಂಗಮಂದಿರ, ಊಟ, ವಸತಿ, ಪ್ರಚಾರ ಮತ್ತು ಟಿಕೆಟ್ ಮಾರಾಟದ ಹೊಣೆ ಹೊರುತ್ತದೆ. ತಂಡಕ್ಕೆ ಊರು ಹೊಸದಿರಬಹುದು, ಆದರೆ ಆ ಊರಿನಲ್ಲಿ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದು ಹೊರಡುವ ಮೊದಲೇ ಗೊತ್ತಿರುತ್ತದೆ. ಇಷ್ಟು ವರ್ಷ ಅದು ನಡೆದುಬಂದಿರುವುದಕ್ಕೆ ಈ ಸ್ಥಳೀಯ ಆತಿಥೇಯರೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ನಿಮ್ಮಲ್ಲಿ ನಾಲ್ಕು ಬ್ಯಾಂಡ್‌ಗಳಿವೆ, ಎಂದರೆ ನಾಲ್ಕು ಪ್ರದೇಶಗಳಲ್ಲಿ ನಿಮಗೆ ಸ್ವಂತ ಆತಿಥೇಯರಿದ್ದಾರೆ. ಆದ್ದರಿಂದ ಇಡೀ ದೇಶವನ್ನು ಒಂದೇ ಗೆರೆಯಲ್ಲಿ ದಾಟುವ ಯೋಚನೆ ಬಿಟ್ಟು, ನಾಲ್ಕು ಸಣ್ಣ ಸುತ್ತುಗಳಾಗಿ ಒಡೆದುಕೊಳ್ಳಿ. ಒಂದೊಂದು ಸುತ್ತಿನಲ್ಲಿ ಮೂರು ಅಥವಾ ನಾಲ್ಕು ಊರುಗಳಿರಲಿ, ಆ ಭಾಗದ ಬ್ಯಾಂಡ್ ಆತಿಥ್ಯ ವಹಿಸಲಿ, ಮಧ್ಯದಲ್ಲಿ ಎಲ್ಲರೂ ಮನೆಗೆ ಹೋಗಿ ಕೆಲಸ ನೋಡಿಕೊಂಡು ಬರಲಿ. ಸಂಬಳದ ಕೆಲಸದಲ್ಲಿರುವವರಿಗೆ ಎರಡು ತಿಂಗಳ ರಜೆ ಯಾರೂ ಕೊಡುವುದಿಲ್ಲ. ಗುರುವಾರ ಹೊರಟು ಸೋಮವಾರ ಮರಳುವಂತಿದ್ದರೆ ಹೇಗೋ ನಡೆಯುತ್ತದೆ.

ನಿಮ್ಮ ಮತ್ತು ಪುಣೆಯವರ ಸುತ್ತುಗಳನ್ನು ಮಾತ್ರ ಒಂದೇ ವಾಹನದಲ್ಲಿ ಜೋಡಿಸಬಹುದು. ಶಿವಮೊಗ್ಗದಿಂದ ಹರಿಹರಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಹುಬ್ಬಳ್ಳಿಗೆ ಒಟ್ಟು ಸುಮಾರು 200 ಕಿ.ಮೀ., ಅಲ್ಲಿಂದ ಬೆಳಗಾವಿಗೆ ನೂರಕ್ಕೆ ತುಸು ಕಡಿಮೆ, ಬೆಳಗಾವಿಯಿಂದ ಕೊಲ್ಹಾಪುರಕ್ಕೆ ನೂರಕ್ಕೆ ತುಸು ಹೆಚ್ಚು, ಕೊಲ್ಹಾಪುರದಿಂದ ಪುಣೆಗೆ ಸುಮಾರು 230 ಕಿ.ಮೀ. ಪ್ರತಿಯೊಂದೂ ಅರ್ಧ ದಿನದ ಪ್ರಯಾಣ. ಬೆಳಗಾವಿ, ಕೊಲ್ಹಾಪುರಗಳಲ್ಲಿ ಕನ್ನಡ ಮತ್ತು ಮರಾಠಿ ಎರಡನ್ನೂ ಕೇಳುವ ಕಿವಿಗಳಿವೆ ಎಂಬುದನ್ನು ಮರೆಯಬೇಡಿ, ನಿಮ್ಮ ಜೋಡಿಗೆ ಅದಕ್ಕಿಂತ ಒಳ್ಳೆಯ ಊರು ಸಿಕ್ಕದು.

ಕೋಝಿಕ್ಕೋಡಿನ ಸುತ್ತಿಗೆ ಘಟ್ಟ ಇಳಿದು, ಮಂಗಳೂರು, ಕಾಸರಗೋಡು, ಕಣ್ಣೂರು ದಾರಿಯಾಗಿ ಹೋಗಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ದೊಡ್ಡ ವಾಹನಗಳಿಗೆ ನಿರ್ಬಂಧವಿರುತ್ತದೆಯಾದ್ದರಿಂದ ಮಿನಿ ಬಸ್ ಗೊತ್ತುಮಾಡುವಾಗಲೇ ಚಾಲಕರನ್ನು ಕೇಳಿಕೊಳ್ಳಿ. ಹಿಂತಿರುಗುವಾಗ ಮೈಸೂರಿನಲ್ಲಿ ಕಾರ್ಯಕ್ರಮವಿಟ್ಟುಕೊಂಡರೆ ಇನ್ನೊಂದು ತೊಡಕಿದೆ: ವಯನಾಡಿನಿಂದ ಗುಂಡ್ಲುಪೇಟೆಗೆ ಬಂಡೀಪುರದ ಕಾಡಿನ ನಡುವೆ ಬರುವ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿಷೇಧವಿದೆ. ಕಾರ್ಯಕ್ರಮ ಮುಗಿಸಿ ಹನ್ನೊಂದಕ್ಕೆ ಹೊರಟವರು ನಡುರಾತ್ರಿ ಕಳೆದು ಮುತ್ತಂಗದ ಗೇಟಿನ ಬಳಿ ಬೆಳಗಾಗುವವರೆಗೆ ಕೂರಬೇಕಾಗುತ್ತದೆ. ಕುಟ್ಟ, ಗೋಣಿಕೊಪ್ಪ, ಹುಣಸೂರು ಮಾರ್ಗವಾಗಿ ಬರಬಹುದಾದರೂ, ಇಡೀ ದಿನ ದುಡಿದ ಚಾಲಕನನ್ನು ಆ ಸುತ್ತುಬಳಸಿನ ದಾರಿಯಲ್ಲಿ ರಾತ್ರಿ ಓಡಿಸಬಾರದು. ಅಲ್ಲೇ ಮಲಗಿ ಬೆಳಿಗ್ಗೆ ಹೊರಡಿ. ವಾಹನ ಹಳದಿ ನಂಬರ್ ಪ್ಲೇಟಿನದಾಗಿರಲಿ, ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರಲಿ. ಪರಿಚಯದವರ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಒಯ್ದರೆ ಗಡಿಯ ತಪಾಸಣೆಯಲ್ಲಿ ಇಡೀ ಸುತ್ತೇ ನಿಂತುಹೋದೀತು.

ಉತ್ತರ 2
ಭದ್ರಾವತಿಯ ಧ್ವನಿ

ನಾನು ಈಗ ಬೆಂಗಳೂರಿನಲ್ಲಿ ಧ್ವನಿ ನಿರ್ವಹಣೆಯನ್ನೇ ವೃತ್ತಿಯಾಗಿ ಮಾಡುತ್ತಿದ್ದೇನೆ. ಮೇಲಿನವರು ದಾರಿ ಹೇಳಿದ್ದಾರೆ, ನಾನು ಸಾಮಾನಿನ ವಿಷಯ ಹೇಳುತ್ತೇನೆ.

ನಾಲ್ಕು ಬ್ಯಾಂಡ್‌ಗಳಿಗೆ ಒಂದೇ ಡ್ರಮ್ ಕಿಟ್, ಒಂದೇ ಬೇಸ್ ಆ್ಯಂಪ್, ಎರಡು ಗಿಟಾರ್ ಆ್ಯಂಪ್ ಸಾಕು. ಡ್ರಮ್ಸ್ ನುಡಿಸುವವರು ತಮ್ಮ ತಮ್ಮ ಸ್ನೇರ್ (ಸಣ್ಣ ಡ್ರಮ್), ಸಿಂಬಲ್ (ಲೋಹದ ತಟ್ಟೆ) ಮತ್ತು ಕಾಲಿನಿಂದ ಒತ್ತುವ ಕಿಕ್ ಪೆಡಲ್ ಮಾತ್ರ ತರಲಿ, ಗಿಟಾರ್‌ನವರು ದನಿ ಬದಲಿಸುವ ತಮ್ಮ ಪೆಡಲ್ ಬೋರ್ಡ್ ತರಲಿ. ಇದರಿಂದ ವಾಹನದಲ್ಲಿ ಜಾಗ ಉಳಿಯುತ್ತದೆ ಎನ್ನುವುದಕ್ಕಿಂತ ವೇದಿಕೆಯ ಮೇಲೆ ಸಮಯ ಉಳಿಯುತ್ತದೆ ಎಂಬುದೇ ದೊಡ್ಡ ಲಾಭ. ಪ್ರತಿ ಬ್ಯಾಂಡೂ ತನ್ನ ಕಿಟ್ ಕಟ್ಟಿ, ಮೈಕ್‌ಗಳನ್ನು ಮತ್ತೆ ಹೊಂದಿಸಿ, ಬಿಚ್ಚುತ್ತ ಕುಳಿತರೆ ಬದಲಾವಣೆಗೇ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕಿಟ್ ನಿಂತಲ್ಲೇ ನಿಂತಿದ್ದರೆ ಹದಿನೈದು ನಿಮಿಷದಲ್ಲಿ ಮುಂದಿನವರು ಶುರುಮಾಡಬಹುದು. ಸೌಂಡ್ ಚೆಕ್ ಅನ್ನು, ಎಂದರೆ ಕಾರ್ಯಕ್ರಮಕ್ಕೆ ಮೊದಲಿನ ಧ್ವನಿ ಪರೀಕ್ಷೆಯನ್ನು, ಹಿಂದುಮುಂದಾಗಿ ಮಾಡಿ, ಅಂದರೆ ಕೊನೆಗೆ ಹಾಡುವವರು ಮಧ್ಯಾಹ್ನ ಮೊದಲು, ಮೊದಲು ಹಾಡುವವರು ಎಲ್ಲರಿಗಿಂತ ಕೊನೆಗೆ. ಆಗ ಕಾರ್ಯಕ್ರಮ ಆರಂಭವಾಗುವ ಹೊತ್ತಿಗೆ ವೇದಿಕೆ ಮೊದಲ ಬ್ಯಾಂಡಿಗೆ ಬೇಕಾದ ಹಾಗೆಯೇ ಸಿದ್ಧವಾಗಿರುತ್ತದೆ. ಡಿಜಿಟಲ್ ಮಿಕ್ಸರ್ ಇದ್ದರೆ ಒಬ್ಬೊಬ್ಬರ ಹೊಂದಾಣಿಕೆಯನ್ನೂ ಉಳಿಸಿಟ್ಟುಕೊಂಡು ಮುಂದಿನ ಊರಿನಲ್ಲಿ ಅದರಿಂದಲೇ ಆರಂಭಿಸಬಹುದು. ಆದ್ದರಿಂದ ನಾಲ್ವರೂ ಸೇರಿ ಒಬ್ಬ ಧ್ವನಿ ನಿರ್ವಾಹಕನನ್ನು ಎಲ್ಲ ಸುತ್ತುಗಳಿಗೂ ಜೊತೆಯಲ್ಲಿ ಕರೆದೊಯ್ಯಿರಿ. ಖರ್ಚು ಕಡಿಮೆ ಮಾಡುವಾಗ ಮೊದಲು ಕೈಬಿಡುವುದು ಈ ಒಬ್ಬನನ್ನೇ, ಆದರೆ ನನ್ನ ಮಟ್ಟಿಗೆ ಗಾಯಕನಷ್ಟೇ ಆತನೂ ಬ್ಯಾಂಡಿನವನು.

ಈಗ ಮಲೆನಾಡಿನ ಮೈಕ್ ಸೆಟ್‌ನವರ ವಿಷಯ. ಅವರ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇಬ್ಬನಿ ಸುರಿಯುವ ಗದ್ದೆಯಲ್ಲಿ ಬೆಳಗಿನವರೆಗೆ ಯಕ್ಷಗಾನದ ಭಾಗವತರ ದನಿ ಚೆಂಡೆ, ಮದ್ದಳೆಯ ಮೇಲೆ ತೇಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಮಾಡುವುದು ಸಣ್ಣ ವಿದ್ಯೆಯಲ್ಲ. ಆದರೆ ಅವರ ಸಾಮಾನು ಆ ಕೆಲಸಕ್ಕೆ ಹೊಂದಿಸಿದ್ದು. ಡ್ರಮ್ ಕಿಟ್‌ಗೆ ಬೇಕಾದ ಐದಾರು ಮೈಕ್, ಕೀಬೋರ್ಡನ್ನು ನೇರವಾಗಿ ಮಿಕ್ಸರ್‌ಗೆ ಜೋಡಿಸಲು ಬೇಕಾದ ಡಿ.ಐ. ಬಾಕ್ಸ್, ಹಾಡುವವರು ತಮ್ಮ ದನಿಯನ್ನು ತಾವೇ ಕೇಳಿಸಿಕೊಳ್ಳಲು ಬೇಕಾದ ನಾಲ್ಕು ಮಾನಿಟರ್ ಇವು ಅವರಲ್ಲಿ ಇರುತ್ತವೆ ಎಂದುಕೊಂಡು ಹೋಗಬೇಡಿ. ವಾರ ಮೊದಲೇ ಒಂದು ಹಾಳೆಯಲ್ಲಿ, ಕನ್ನಡದಲ್ಲೇ, ಯಾವ ವಾದ್ಯಕ್ಕೆ ಎಷ್ಟು ಮೈಕ್, ವೇದಿಕೆಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಕಡೆ ವಿದ್ಯುತ್ ಪ್ಲಗ್ ಬೇಕು ಎಂದು ಚಿತ್ರ ಬರೆದು ಕಳುಹಿಸಿ. ಇಲ್ಲದ್ದನ್ನು ಅವರೇ ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ತರಿಸುತ್ತಾರೆ. ಜನರೇಟರ್ ಇದ್ದಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸದೆ ಗಿಟಾರ್ ಜ್ಯಾಕ್ ಚುಚ್ಚಬೇಡಿ, ಲೋಹದ ಮೈಕ್‌ಗೆ ತುಟಿ ತಾಗಿದಾಗ ಹೊಡೆಯುವ ಶಾಕ್ ಜೀವಕ್ಕೇ ಅಪಾಯ.

ಸಮಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಹಬ್ಬ, ಉತ್ಸವಗಳಿಗಾಗಿ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ನಿಮ್ಮ ಕಾರ್ಯಕ್ರಮ ಅದರಲ್ಲಿ ಬರುತ್ತದೆಂದು ನಂಬಿಕೊಳ್ಳಬೇಡಿ. ತಲಾ 40 ನಿಮಿಷದ ನಾಲ್ಕು ಬ್ಯಾಂಡ್, ನಡುವೆ ಹದಿನೈದು ನಿಮಿಷದ ಮೂರು ಬದಲಾವಣೆ, ಒಟ್ಟು ಮೂರು ಗಂಟೆ ಇಪ್ಪತ್ತೈದು ನಿಮಿಷ. ಬಯಲು ವೇದಿಕೆಯಾದರೆ ಸಂಜೆ ಆರೂವರೆಗೆ ಮೊದಲ ಹಾಡು ಶುರುವಾಗಲೇಬೇಕು. ಭಾಷಣ, ಸನ್ಮಾನ, ಸ್ಮರಣಿಕೆ ಇಟ್ಟುಕೊಂಡಿರೋ, ಕೊನೆಯ ಬ್ಯಾಂಡಿನ ಎರಡು ಹಾಡು ಹೋದ ಹಾಗೆಯೇ.

ಉತ್ತರ 3
ತೀರ್ಥಹಳ್ಳಿಯ ಮೇಳದ ಲೆಕ್ಕ

ನಾನು ಬ್ಯಾಂಡ್ ಸಂಗೀತದವನಲ್ಲ. ಯಕ್ಷಗಾನ ಮೇಳಗಳ ವ್ಯವಸ್ಥೆಯನ್ನು ಹತ್ತಿರದಿಂದ ಬಲ್ಲವನು. ನವೆಂಬರಿನಿಂದ ಮೇ ತಿಂಗಳವರೆಗೆ ದಿನಕ್ಕೊಂದು ಊರು, ರಾತ್ರಿ ಆಟ, ಹಗಲು ಪ್ರಯಾಣ. ಇಂಥ ಬದುಕಿನಲ್ಲಿ ಜಗಳ ಹುಟ್ಟುವುದು ಕಲೆಯ ವಿಷಯಕ್ಕಿಂತ ಹೆಚ್ಚಾಗಿ ಊಟ, ಮಲಗುವ ಜಾಗ ಮತ್ತು ಪಾಲಿನ ವಿಷಯದಲ್ಲಿ.

ನಮ್ಮಲ್ಲಿ ಎರಡು ಮೇಳಗಳು ಸೇರುವುದಕ್ಕೆ ಎರಡು ಪದ್ಧತಿಗಳಿವೆ. ಜೋಡಾಟದಲ್ಲಿ ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಏಕಕಾಲಕ್ಕೆ ಪೈಪೋಟಿಯಿಂದ ಆಡುತ್ತವೆ. ಜನ ಸೇರುತ್ತಾರೆ, ಆದರೆ ಕುಣಿತ ಮತ್ತು ಅಬ್ಬರ ಏರಿ, ಮಾತು ಮತ್ತು ಪದ್ಯ ಸೊರಗುತ್ತವೆ. ಕೂಡಾಟದಲ್ಲಿ ಎರಡೂ ಮೇಳದ ಕಲಾವಿದರು ಒಂದೇ ರಂಗಸ್ಥಳದಲ್ಲಿ ಒಂದೇ ಪ್ರಸಂಗ ಮಾಡುತ್ತಾರೆ. ನಿಮ್ಮ ತಿರುಗಾಟ ಕೂಡಾಟದ ಹಾದಿಯಲ್ಲಿ ಸಾಗಲಿ ಎಂಬುದು ನನ್ನ ಹಾರೈಕೆ. ಕೊನೆಯಲ್ಲಿ ನಾಲ್ಕೂ ಬ್ಯಾಂಡ್ ಸೇರಿ ಒಂದು ಹಾಡು ಮಾಡಿ, ಆ ಹಾಡು ಆತಿಥೇಯರ ಭಾಷೆಯದಾಗಿರಲಿ.

ಹಣದ ವಿಷಯದಲ್ಲಿ ಒಂದೇ ನಿಯಮ: ಮೊದಲು ಎಲ್ಲರಿಗೂ ಸೇರಿದ ಖರ್ಚು ಕಳೆಯಿರಿ, ಆಮೇಲೆ ಪಾಲು ಮಾಡಿ. ಉದಾಹರಣೆಗೆ, 300 ರೂಪಾಯಿಯ 250 ಟಿಕೆಟ್ ಹೋದರೆ 75,000 ರೂಪಾಯಿ. ಸಭಾಂಗಣ, ಮೈಕ್ ಸೆಟ್, ವಾಹನ, ಧ್ವನಿ ನಿರ್ವಾಹಕರ ಸಂಭಾವನೆ ಸೇರಿ 47,000 ಆಯಿತೆನ್ನಿ. ಉಳಿದ 28,000ವನ್ನು ನಾಲ್ಕು ಸಮಪಾಲು ಮಾಡಿದರೆ ಬ್ಯಾಂಡಿಗೆ 7,000. ಊಟ ಮತ್ತು ವಸತಿಯನ್ನು ಮಾತ್ರ ತಲೆಲೆಕ್ಕದಲ್ಲಿ ಹಿಡಿಯಿರಿ, ಏಕೆಂದರೆ ಒಂದು ಬ್ಯಾಂಡಿನಲ್ಲಿ ಮೂವರು, ಇನ್ನೊಂದರಲ್ಲಿ ಏಳು ಮಂದಿ ಇರಬಹುದು. ಜನ ಬಂದದ್ದು ನಮ್ಮನ್ನು ನೋಡಲು, ಆದ್ದರಿಂದ ನಮಗೆ ಹೆಚ್ಚು ಪಾಲು ಬೇಕು ಎಂದು ಆತಿಥೇಯ ಬ್ಯಾಂಡ್ ಕೇಳುವುದು ಸಹಜ. ಕೊಡಬೇಡಿ. ಮುಂದಿನ ಸುತ್ತಿನಲ್ಲಿ ಅವರೇ ಅತಿಥಿಗಳು. ಪ್ರತಿ ಕಾರ್ಯಕ್ರಮದ ಪಾಲಿನಿಂದ ಸ್ವಲ್ಪ ಭಾಗವನ್ನು ಕೂಡುನಿಧಿಗೆ ತೆಗೆದಿಡಿ. ಮಳೆ, ಬಂದ್, ಅನಾರೋಗ್ಯ ಯಾವುದರಿಂದ ಆಟ ನಿಂತರೂ ವಾಹನದ ಬಾಡಿಗೆ ನಿಲ್ಲುವುದಿಲ್ಲ. ಲೆಕ್ಕವನ್ನು ಆ ರಾತ್ರಿಯೇ, ಎಲ್ಲರ ಎದುರಿಗೆ, ಮಲಗುವ ಮೊದಲು ಮುಗಿಸಬೇಕು. ಬೆಳಿಗ್ಗೆಗೆ ಬಿಟ್ಟ ಲೆಕ್ಕದಲ್ಲಿ ಸಂಶಯ ಸೇರಿಕೊಳ್ಳುತ್ತದೆ.

ಸಾಗರದ ಬೇಸ್ ಗಿಟಾರ್

ಮೂವರಿಗೂ ಕೃತಜ್ಞತೆಗಳು. ನಾಲ್ಕು ಸುತ್ತುಗಳ ಯೋಚನೆಯನ್ನು ಉಳಿದ ಬ್ಯಾಂಡ್‌ಗಳಿಗೆ ತಿಳಿಸಿದೆ, ಎಲ್ಲರೂ ಒಪ್ಪಿದ್ದಾರೆ. ಎರಡು ವಿಷಯಗಳು ಉಳಿದಿವೆ. ಗುವಾಹಟಿಗೆ ಹೋಗುವುದು ಹೇಗೆ? ಆತಿಥೇಯ ಬ್ಯಾಂಡ್ ಕೊನೆಗೆ ಹಾಡಬೇಕೆಂದು ಪುಣೆಯವರು ಹೇಳುತ್ತಿದ್ದಾರೆ, ಅದು ಸರಿಯೇ?

ಉತ್ತರ 4
ದುರ್ಗಿಗುಡಿಯ ಲೆಕ್ಕಪತ್ರ

ಗುವಾಹಟಿಗೆ ಬೆಂಗಳೂರಿನಿಂದ ರೈಲಿನಲ್ಲಿ ಎರಡು ದಿನಕ್ಕೂ ಹೆಚ್ಚು ಹಿಡಿಯುತ್ತದೆ. 2024ರ ನವೆಂಬರ್ 1ರಿಂದ ಮುಂಗಡ ಟಿಕೆಟ್ 60 ದಿನ ಮೊದಲು ಮಾತ್ರ ಸಿಗುತ್ತದೆಯಾದ್ದರಿಂದ, ದಿನಾಂಕ ಅಷ್ಟರೊಳಗೆ ಖಚಿತವಾಗಿರಬೇಕು. ಸ್ಲೀಪರ್ ಮತ್ತು ಮೂರನೇ ದರ್ಜೆಯ ಎ.ಸಿ.ಯಲ್ಲಿ ತಲೆಗೆ 40 ಕೆ.ಜಿ. ಸಾಮಾನು ಉಚಿತ, ದೊಡ್ಡ ಪೆಟ್ಟಿಗೆಗಳನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಲಗೇಜ್ ಬೋಗಿಗೆ ಹಾಕಬೇಕು. ವಿಮಾನದಲ್ಲಾದರೆ ಸಾಮಾನ್ಯವಾಗಿ 15 ಕೆ.ಜಿ. ಮಾತ್ರ; ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು. ಹೇಗಿದ್ದರೂ ಆ ಸುತ್ತಿಗೆ ಡ್ರಮ್ಸ್, ಆ್ಯಂಪ್ ಅಲ್ಲಿಯ ಬ್ಯಾಂಡಿನದೇ ಇರಲಿ. ಗುವಾಹಟಿಯಿಂದ ಶಿಲ್ಲಾಂಗ್ ಸುಮಾರು 100 ಕಿ.ಮೀ., ರಾಕ್ ಸಂಗೀತವನ್ನು ಮನೆಮಾತಾಗಿಸಿಕೊಂಡ ಊರು ಅದು. ಡಿಸೆಂಬರ್ 1ರಿಂದ 10ರವರೆಗೆ ಕೊಹಿಮಾ ಸಮೀಪದ ಕಿಸಾಮಾದಲ್ಲಿ ಹಾರ್ನ್‌ಬಿಲ್ ಉತ್ಸವ ನಡೆಯುವುದರಿಂದ, ನಾಗಾಲ್ಯಾಂಡನ್ನೂ ಸೇರಿಸಿಕೊಳ್ಳುವಿರಾದರೆ ಆ ದಿನಗಳಲ್ಲಿ ವಸತಿ ಮೊದಲೇ ನೋಡಿಕೊಳ್ಳಿ.

ತೆರಿಗೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಕಾಲೇಜು ಮತ್ತು ಕಂಪನಿಗಳು ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಟಿ.ಡಿ.ಎಸ್. (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತವೆ, ಪ್ಯಾನ್ ಕೊಟ್ಟು, ರಿಟರ್ನ್ ಸಲ್ಲಿಸಿದರೆ ತೆರಿಗೆ ಬಾಕಿ ಇಲ್ಲದವರಿಗೆ ಅದು ಮರಳಿ ಬರುತ್ತದೆ. ವರ್ಷದ ಆದಾಯ 20 ಲಕ್ಷ ಮೀರದಿದ್ದರೆ, ಬೇರೆ ರಾಜ್ಯದಲ್ಲಿ ಹಾಡಿದರೂ, ಜಿ.ಎಸ್.ಟಿ. ನೋಂದಣಿ ಬೇಕಾಗುವುದಿಲ್ಲ. ಕಾರ್ಯಕ್ರಮವೊಂದಕ್ಕೆ ಒಂದೂವರೆ ಲಕ್ಷದವರೆಗಿನ ಸಂಭಾವನೆಗೆ ಇರುವ ವಿನಾಯಿತಿ ಜಾನಪದ ಮತ್ತು ಶಾಸ್ತ್ರೀಯ ಕಲಾವಿದರಿಗೆ ಮಾತ್ರ, ರಾಕ್ ಬ್ಯಾಂಡ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಇನ್ನೊಂದು ಮುಖ್ಯ ಸಂಗತಿಯೆಂದರೆ, ನಿಮ್ಮ ಹಾಡುಗಳ ಸಾಹಿತ್ಯ ಬರೆದವರು ಮತ್ತು ಸಂಗೀತ ಸಂಯೋಜಿಸಿದವರು 1969ರಲ್ಲಿ ಸ್ಥಾಪನೆಯಾದ ಐ.ಪಿ.ಆರ್.ಎಸ್. (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸಂಸ್ಥೆಯ ಸದಸ್ಯರಾಗಬಹುದು. ವೇದಿಕೆಯಲ್ಲಿ ಹಾಡು ಬಳಸಲು ಪರವಾನಗಿ ಪಡೆಯಬೇಕಾದವರು ಸಂಘಟಕರು. ಹಾಗೆ ಸಂಗ್ರಹವಾದ ರಾಯಧನದಲ್ಲಿ ಸದಸ್ಯರಿಗೆ ಪಾಲು ಸಿಗುತ್ತದೆ. ಪ್ರತಿ ಕಾರ್ಯಕ್ರಮದ ಹಾಡುಗಳ ಪಟ್ಟಿಯನ್ನು ದಿನಾಂಕದ ಸಮೇತ ಬರೆದಿಟ್ಟುಕೊಳ್ಳಿ.

ಉತ್ತರ 5
ಶಿವಮೊಗ್ಗದ ಗಾಯಕಿ

ಆತಿಥೇಯ ಬ್ಯಾಂಡ್ ಕೊನೆಗೆ ಹಾಡಬೇಕೆಂಬ ಪುಣೆಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಮ್ಮನ್ನು ಕೊನೆಗಿಟ್ಟರೆ ಶಿವಮೊಗ್ಗದ ನಿಮ್ಮ ಸ್ನೇಹಿತರು, ಬಂಧುಗಳು ಎಂಟೂವರೆಗೆ ಬರುತ್ತಾರೆ. ಸಾವಿರಾರು ಕಿಲೋಮೀಟರ್ ದಾಟಿ ಬಂದ ಅಸ್ಸಾಮಿ ಬ್ಯಾಂಡ್ ಖಾಲಿ ಕುರ್ಚಿಗಳಿಗೆ ಹಾಡಬೇಕಾಗುತ್ತದೆ. ಮೊದಲಿಗಿಟ್ಟರೆ ನಿಮ್ಮ ಜನ ನಿಮ್ಮನ್ನು ಕೇಳಿ ಎದ್ದುಹೋಗುತ್ತಾರೆ. ಆತಿಥೇಯರು ಮೊದಲಿಗೆ ಎರಡು ಹಾಡು ಹಾಡಿ, ಅತಿಥಿಗಳನ್ನು ತಾವೇ ವೇದಿಕೆಗೆ ಕರೆದು ಪರಿಚಯಿಸಿ, ತಮ್ಮ ಉಳಿದ ಹಾಡುಗಳನ್ನು ಮೂರನೆಯ ಸರದಿಗೆ ಇಟ್ಟುಕೊಳ್ಳುವುದು ಉತ್ತಮ. ಕೊನೆಯ ಸರದಿ ಅತಿಥಿಗಳಲ್ಲಿ ಒಬ್ಬರದು, ಊರಿಂದೂರಿಗೆ ಬದಲಾಗುತ್ತಿರಲಿ. ಡ್ರಮ್ ಕಿಟ್ ಒಂದೇ ಆದ್ದರಿಂದ ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಭಾಷೆ ತಿಳಿಯದವರು ಕೇಳುತ್ತಾರೆಯೇ ಎಂಬ ಅಂಜಿಕೆ ಬೇಡ. ಅವಿಯಲ್ ಬ್ಯಾಂಡ್ ಮಲಯಾಳದಲ್ಲೇ ಹಾಡಿ ಕೇರಳದ ಹೊರಗೂ ಕೇಳುಗರನ್ನು ಸಂಪಾದಿಸಿತು. ನಮ್ಮ ಸ್ವರಾತ್ಮ ಬ್ಯಾಂಡಿನ ಕನ್ನಡ ಹಾಡುಗಳಿಗೆ ಕನ್ನಡ ಬಾರದವರೂ ಕುಣಿಯುತ್ತಾರೆ. ಪ್ರತಿ ಹಾಡಿಗೂ ಮೊದಲು ಆ ಊರಿನ ಭಾಷೆಯಲ್ಲಿ ಎರಡು ವಾಕ್ಯ ಹೇಳಿ, ಆತಿಥೇಯರಿಂದ ಕಲಿತುಕೊಂಡೇ ಹೇಳಿ. ಪುಣೆಯ ಗಾಯಕ ಸಾಗರದಲ್ಲಿ ನಿಂತು, ಇದು ನಮ್ಮಜ್ಜಿ ಬಾವಿಯಿಂದ ನೀರು ಸೇದುವಾಗ ಹಾಡುತ್ತಿದ್ದ ಧಾಟಿ ಎಂದು ತೊದಲು ಕನ್ನಡದಲ್ಲಿ ಹೇಳಿದರೂ ಸಭೆ ಆ ಹಾಡಿನ ಒಳಗೆ ಬಂದುಬಿಡುತ್ತದೆ.

ಇಲ್ಲಿ ಯಾರೂ ಎತ್ತದ ವಿಷಯವೊಂದಿದೆ. ನಾಲ್ಕು ಬ್ಯಾಂಡ್‌ಗಳಲ್ಲಿ ಹೆಣ್ಣುಮಕ್ಕಳಿದ್ದರೆ, ಪ್ರತಿ ಊರಿನಲ್ಲೂ ಅವರಿಗೆ ಚಿಲಕವಿರುವ ಬೇರೆ ಕೋಣೆ, ವೇದಿಕೆಯ ಹಿಂದೆ ಬಟ್ಟೆ ಬದಲಿಸುವ ಜಾಗ ಮತ್ತು ಸ್ವಚ್ಛವಾದ ಶೌಚಾಲಯ ಇದೆಯೇ ಎಂದು ಆತಿಥೇಯ ಬ್ಯಾಂಡ್ ಖುದ್ದಾಗಿ ನೋಡಿ ಬರಬೇಕು. ಎಲ್ಲರೂ ಒಂದೇ ಹಾಲ್‌ನಲ್ಲಿ ಚಾಪೆ ಹಾಸಿ ಮಲಗೋಣ ಎನ್ನುವ ಉತ್ಸಾಹದಲ್ಲಿ ಈ ಮಾತು ಹಿಂದೆ ಬೀಳುತ್ತದೆ, ಒಳ್ಳೆಯ ಗಾಯಕಿಯರು ಎರಡನೆಯ ತಿರುಗಾಟಕ್ಕೆ ಬರುವುದಿಲ್ಲ.

ಶಿವಮೊಗ್ಗದ ಕಾರ್ಯಕ್ರಮವನ್ನು ಕುವೆಂಪು ರಂಗಮಂದಿರದಲ್ಲಿ ಮಾಡುವುದಾದರೆ ಈಗಲೇ ಅರ್ಜಿ ಕೊಡಿ. ಡಿಸೆಂಬರ್, ಜನವರಿ ಶಾಲಾ ವಾರ್ಷಿಕೋತ್ಸವಗಳ ಕಾಲ, ಶನಿವಾರ ಮತ್ತು ಭಾನುವಾರಗಳು ಮೊದಲು ತುಂಬುತ್ತವೆ. ಶುಕ್ರವಾರ ಸಿಕ್ಕರೂ ಹಿಡಿದುಕೊಳ್ಳಿ, ಶನಿವಾರ ಸಾಗರ ಅಥವಾ ಶಿರಸಿಯಲ್ಲಿ ಮಾಡಿ ಭಾನುವಾರ ಹುಬ್ಬಳ್ಳಿ ತಲುಪಬಹುದು. ಟಿಕೆಟ್ ಮಾರಲು ಸಹ್ಯಾದ್ರಿ ಕಾಲೇಜಿನ ವಿದ್ಯಾರ್ಥಿಗಳನ್ನು ಜೊತೆಗೆ ಸೇರಿಸಿಕೊಳ್ಳಿ, ವಿದ್ಯಾರ್ಥಿಗಳಿಗೆ ಅರ್ಧ ದರ ಇಡಿ. ಸಭಾಂಗಣದ ಬಾಗಿಲಲ್ಲಿ ನಿಲ್ಲಲು ಜನ ಬೇಕಾದರೆ ನಾನೂ ನನ್ನ ಗೆಳತಿಯರೂ ಬರುತ್ತೇವೆ, ದಿನಾಂಕ ತಿಳಿಸಿ.